ಹನ್ನೊಂದನೇ ನಂಬರಿನ ಹೆಂಗಸು

ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆಯ ಒಂದು ಆಫೀಸು. ಮೆಟ್ಟಿಲು ಹತ್ತುವಾಗಲೇ ಹೊಸ ರಬ್ಬರಿನ ವಾಸನೆ ಮೂಗಿಗೆ ರಪ್ಪನೆ ಬಡಿಯುತ್ತದೆ. ಒಳಗೆ ಐದು ಮೇಜು, ಐದು ಜನ, ಗೋಡೆಗೊಂದು ಬಿಳಿ ಬೋರ್ಡು, ಮೂಲೆಯಲ್ಲಿ ಸ್ಟೂಲಿನ ಮೇಲೆ ಮೊಟ್ಟೆ ಇಡುವ ಟ್ರೇ. ಟ್ರೇಯಲ್ಲಿ ಮೊಟ್ಟೆ ಇಲ್ಲ ಸ್ವಾಮಿ, ಫೋನುಗಳು! ಗಾಜು ಸೀಳಿದವು, ಮೂಲೆ ತರಚಿದವು, ಒಟ್ಟು ಇಪ್ಪತ್ನಾಲ್ಕು ಹಳೇ ಫೋನುಗಳು ಗುಳಿಗೊಂದರಂತೆ ನೆಟ್ಟಗೆ ನಿಂತು ಚಾರ್ಜ್ ಆಗುತ್ತಿರುತ್ತವೆ. ಪ್ರತಿಯೊಂದರ ಬೆನ್ನಿಗೂ ಒಂದು ಚೀಟಿ ಅಂಟಿಸಿದೆ. ನಾಲ್ಕನೇ ನಂಬರು: ನಿವೃತ್ತ ಮೇಷ್ಟ್ರು, ಮಂಡಿನೋವು, ಯಾವುದಕ್ಕೂ ಪೂರ್ತಿ ಸ್ಟಾರ್ ಕೊಡುವವರಲ್ಲ. ಒಂಬತ್ತು: ಹೊಸದಾಗಿ ಮದುವೆಯಾದವಳು, ಎಲ್ಲದಕ್ಕೂ ಕುಣಿಯುತ್ತಾಳೆ. ಹನ್ನೊಂದು: ಗಂಡ ಇಲ್ಲದ ಹೆಂಗಸು, ಐವತ್ತೆಂಟು ವರ್ಷ, ಯಾರನ್ನೂ ಬೇಗ ನಂಬುವವಳಲ್ಲ.

ಈ ಇಪ್ಪತ್ನಾಲ್ಕು ಜನರಲ್ಲಿ ಒಬ್ಬರೂ ಭೂಮಿಯ ಮೇಲೆ ಹುಟ್ಟಿಲ್ಲ. ಇವರನ್ನೆಲ್ಲ ಹೆತ್ತವಳು ಆಪರೇಟರಮ್ಮ.

ಆಪರೇಟರಮ್ಮ ಅಂದರೆ ಅವಳ ಹೆಸರೇನಲ್ಲ, ಹಳೇ ಉದ್ಯೋಗ. ದೊಡ್ಡ ಆಸ್ಪತ್ರೆಯೊಂದರ ಟೆಲಿಫೋನ್ ಬೋರ್ಡಿನ ಮುಂದೆ ಇಪ್ಪತ್ತೊಂದು ವರ್ಷ ಕೂತವಳು. 'ಹಲೋ' ಅಂದ ದನಿ ಕೇಳಿದರೆ ಸಾಕು, ಇವರು ಹೆರಿಗೆ ವಾರ್ಡಿಗೆ ಸೇರಿದವರೋ ಹೃದಯದ ವಾರ್ಡಿಗೆ ಸೇರಿದವರೋ ಹೇಳಿಬಿಡುತ್ತಿದ್ದಳು. ಅತ್ತವರು, ಅರಚಿದವರು, ಮಾತೇ ಹೊರಡದೆ ಬರೀ ಉಸಿರು ಬಿಟ್ಟವರು, ಎಷ್ಟು ಸಾವಿರ ಗಂಟಲು ಅವಳ ಎಡಗಿವಿಯಲ್ಲಿ ಹಾದುಹೋದವೋ ದೇವರಿಗೇ ಗೊತ್ತು. ಆಮೇಲೆ ಒಂದು ದಿನ ಆಸ್ಪತ್ರೆಯವರು ಮೆಷಿನ್ ತಂದರು. 'ಔಷಧ ವಿಭಾಗಕ್ಕೆ ಒಂದನ್ನು ಒತ್ತಿ, ಎಲುಬು ವಿಭಾಗಕ್ಕೆ ಎರಡನ್ನು ಒತ್ತಿ.' ಒತ್ತಿ ಒತ್ತಿ ಇವಳನ್ನು ಮನೆಗೆ ಒತ್ತಿದರು. ಆಗ ಅವಳಿಗೆ ನಲವತ್ತೆಂಟು. ಮದುವೆ ಆಗಿರಲಿಲ್ಲ. ಒಂದೂವರೆ ಕೋಣೆಯ ಬಾಡಿಗೆ ಮನೆ, ಬೆನ್ನಿಗೆ ಯಾರೂ ಇಲ್ಲ. ಆ ವಯಸ್ಸಿನ ಹೆಂಗಸಿಗೆ ಕೆಲಸ ಯಾರು ಕೊಡುತ್ತಾರೆ ಹೇಳಿ?

ಕೊಟ್ಟವನು ಸ್ಟಾರ್ ಸಾಹೇಬ. ಇದೂ ಅಡ್ಡಹೆಸರೇ. ಮೂವತ್ತೆರಡರ ಹುಡುಗಾಟದ ಮನುಷ್ಯ, ಸದಾ ಬೂಟಿನಲ್ಲಿ ನೆಲ ತಟ್ಟುತ್ತಾ ಮಾತಾಡುವವನು, ಕೆಟ್ಟವನಲ್ಲ. ಅಂಗಡಿಯವರಿಗೆ ಫೋನು ಕಂಪ್ಯೂಟರುಗಳಲ್ಲಿ ಹೆಸರು ಮಾಡಿಕೊಡುವುದು ಅವನ ವ್ಯಾಪಾರ. ಕೆಲಸ ಕೇಳಿಕೊಂಡು ಬಂದವರಿಗೆಲ್ಲ ಅವನು ಒಂದು ಪರೀಕ್ಷೆ ಇಟ್ಟಿದ್ದ. ಹಾಸಿಗೆ ಅಂಗಡಿಯ ಪೇಜಿನಲ್ಲಿ ಗಿರಾಕಿಯೊಬ್ಬ ಬೈದು ಬರೆದಿದ್ದಾನೆ, ಹಾಸಿಗೆ ಎರಡೇ ತಿಂಗಳಿಗೆ ತಗ್ಗಿ ಹೋಯಿತು ಅಂತ. ಏನು ಉತ್ತರ ಬರೆಯುತ್ತೀರಿ? ಬಂದ ಹುಡುಗ ಹುಡುಗಿಯರೆಲ್ಲ 'ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ' ಅಂತ ಬರೆದರು. ಆಪರೇಟರಮ್ಮ ಬರೆದದ್ದು ಒಂದೇ ಸಾಲು: 'ನಿಮ್ಮ ಬೆನ್ನು ಈಗ ಹೇಗಿದೆ?' ಸ್ಟಾರ್ ಸಾಹೇಬ ಅವತ್ತೇ ಕುರ್ಚಿ ತೋರಿಸಿದ.

ಕೆಲಸ ಅಂದರೆ ಇಷ್ಟು. ಬೋರ್ಡಿನ ಮೇಲೆ ಹತ್ತು ಹನ್ನೆರಡು ಅಂಗಡಿಗಳ ಪಟ್ಟಿ: ಹಾಸಿಗೆಯವರು, ಹಲ್ಲಿನ ಡಾಕ್ಟರು, ಕನ್ನಡಕದವರು, ನೀರಿನ ಫಿಲ್ಟರ್ ಮಾರುವವರು. ದಿನಕ್ಕೊಂದು ಚಿತ್ರ ಹಾಕಬೇಕು, ಬೆಳಗ್ಗೆ ಎದ್ದ ಕೂಡಲೇ ಊರಿಗೆಲ್ಲ ಶುಭೋದಯ ಹೇಳಬೇಕು. ಯಾರಾದರೂ ಏನಾದರೂ ಕೇಳಿದರೆ ಹತ್ತು ನಿಮಿಷದೊಳಗೆ ಉತ್ತರ ಹೋಗಬೇಕು. ಅಂಗಡಿಯವರಿಗೆ ಇದಕ್ಕೆಲ್ಲ ಪುರುಸೊತ್ತೂ ಇಲ್ಲ, ನಾಲಿಗೆಯೂ ಇಲ್ಲ. ಗಲ್ಲಾದ ಹಿಂದೆ ಮುಖ ಗಂಟು ಹಾಕಿಕೊಂಡು ಕೂರುವ ಹಾಸಿಗೆ ಅಂಗಡಿಯವನು ಪೇಜಿನಲ್ಲಿ ಮಾತ್ರ ಜೇನುತುಪ್ಪ. ಆ ಜೇನು ಆಪರೇಟರಮ್ಮನದು.

ಇನ್ನು ಗುರುವಾರ ಮಧ್ಯಾಹ್ನ ಊಟವಾದ ಮೇಲೆ 'ಸ್ಟಾರ್ ಹೊತ್ತು' ಅಂತ ಒಂದಿತ್ತು. ಆಗ ಟ್ರೇ ಮೇಜಿನ ಮಧ್ಯಕ್ಕೆ ಬರುತ್ತಿತ್ತು. ಐದೂ ಜನ ಕೂತು ಒಂದೊಂದು ಫೋನು ಎತ್ತಿಕೊಂಡು, ಆ ಚೀಟಿಯ ಮನುಷ್ಯರಾಗಿ, ಕಂಡೇ ಇರದ ಅಂಗಡಿಗಳಿಗೆ ಹೊಗಳಿಕೆ ಬರೆಯುವುದು. ಉಳಿದವರು 'ಸೂಪರ್', 'ತುಂಬಾ ಚೆನ್ನಾಗಿದೆ' ಅಂತ ಗೀಚಿ ಕೈ ತೊಳೆದುಕೊಳ್ಳುತ್ತಿದ್ದರು. ಆಪರೇಟರಮ್ಮ ಹಾಗಲ್ಲ. ನಾಲ್ಕನೇ ನಂಬರಿನ ಮೇಷ್ಟ್ರು ಕನ್ನಡಕದ ಅಂಗಡಿಗೆ ಹೋದರೆ ಮೊದಲು ಮೆಟ್ಟಿಲು ಜಾಸ್ತಿ ಅಂತ ಗೊಣಗಬೇಕು, ಆಮೇಲೆ ಹೊಗಳಬೇಕು. ಯಾಕೆಂದರೆ ಮಂಡಿನೋವಿನವರು ಹಾಗೇ ಮಾತಾಡುವುದು, ಅವಳು ಕೇಳಿದ್ದಾಳೆ. ಇಪ್ಪತ್ತೊಂದು ವರ್ಷ ಕಿವಿಗೆ ಬಿದ್ದ ಗಂಟಲುಗಳೆಲ್ಲ ಈಗ ಬೆರಳಿಗಿಳಿದಿದ್ದವು.

ಇದು ತಪ್ಪು ಅಂತ ಅವಳಿಗೆ ಅನಿಸಲಿಲ್ಲವೇ? ಅನಿಸಿತು ಕಣ್ರೀ, ಯಾಕೆ ಅನಿಸುವುದಿಲ್ಲ? ಮೊದಲ ಗುರುವಾರ ಕೈ ಬೆವತಿತ್ತು. ಆದರೆ ಅಭ್ಯಾಸ ಅನ್ನುವುದು ಎಂಥ ಮಾಯಾವಿ ನೋಡಿ, ನಾಲ್ಕನೇ ಗುರುವಾರಕ್ಕೆ ಅವಳೇ ಟ್ರೇ ಎತ್ತಿಕೊಂಡು ಬರುತ್ತಿದ್ದಳು. ಹೊಟ್ಟೆಪಾಡು ಅನ್ನುವುದು ಒಂದು ಕಾರಣ. ಇನ್ನೊಂದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅವಳಿಗೆ ಅದು ಇಷ್ಟವಾಗುತ್ತಿತ್ತು. ಸಂಜೆ ಮನೆಗೆ ಹೋದರೆ ಮಾತಾಡಲು ಗೋಡೆ ಬಿಟ್ಟು ಗತಿಯಿರಲಿಲ್ಲ. ಇಲ್ಲಿ ಇಪ್ಪತ್ನಾಲ್ಕು ಜನ ಇದ್ದರು.

ಹೀಗಿರುವಾಗ ಲಾರಿ ಧಣಿ ಬಂದ. ಮನೆ ಸಾಮಾನು ಊರಿಂದ ಊರಿಗೆ ಸಾಗಿಸುವ ಕಂಪನಿ, ಮೂರು ಲಾರಿ. ಮೆಟ್ಟಿಲು ಹತ್ತಿದ ಆಯಾಸಕ್ಕೆ ಕತ್ತು ಒರೆಸಿಕೊಳ್ಳುತ್ತಾ ಕೂತ. ಅವನ ಪೇಜಿನಲ್ಲಿದ್ದದ್ದು ಎರಡೇ ಸ್ಟಾರು. ಫೋನೇ ಬರುತ್ತಿಲ್ಲ, ಡ್ರೈವರುಗಳು ಬಿಟ್ಟು ಹೋಗುತ್ತಿದ್ದಾರೆ ಅಂತ ಗೋಳು ಹೇಳಿಕೊಂಡ. ಸ್ಟಾರ್ ಸಾಹೇಬ ಬೂಟು ತಟ್ಟಿ, "ಆರು ವಾರ ಕೊಡಿ, ನಾಲ್ಕೂವರೆ ಮಾಡಿಕೊಡ್ತೀವಿ" ಅಂದ.

ಆಪರೇಟರಮ್ಮ ನಡುವೆ ಬಾಯಿ ಹಾಕಿದಳು. "ಕೆಲಸ ಹೇಗೆ ಮಾಡ್ತೀರಿ ಸಾರ್? ಸಾಮಾನು ಸರಿಯಾಗಿ ತಲುಪುತ್ತಾ?"

"ಒಂದೊಂದು ಸಲ ಒಡೆಯುತ್ತಮ್ಮಾ," ಅಂದ ಧಣಿ, ಪಾಪ, ಸುಳ್ಳು ಹೇಳಲು ಬಾರದವನ ಹಾಗೆ. "ಬೇಕು ಅಂತ ಒಡೆಯೋಲ್ಲ."

ಗುರುವಾರ ಆಪರೇಟರಮ್ಮ ಹನ್ನೊಂದನೇ ನಂಬರು ಕೈಗೆತ್ತಿಕೊಂಡಳು. ಯಾರನ್ನೂ ಬೇಗ ನಂಬದ ಹೆಂಗಸಿನ ಬಾಯಲ್ಲಿ ಬಂದರೆ ಊರು ನಂಬುತ್ತದೆ ಅನ್ನುವುದು ಅವಳ ಲೆಕ್ಕ. ಬರೆದದ್ದು ಹೀಗೆ:

'ಮೂವತ್ತೊಂದು ವರ್ಷ ಇದ್ದ ಮನೆ ಬಿಟ್ಟು ಒಬ್ಬಳೇ ಹೊರಟವಳು ನಾನು. ಲಾರಿಯವರು ಅಂದರೆ ಮೊದಲಿಂದಲೂ ಭಯ. ನಮ್ಮಮ್ಮನ ಕಾಲದ ಗಾಜಿನ ಬೀರು ಒಂದಿತ್ತು. ನಾಲ್ಕು ಜನ ಸೇರಿ ಅದನ್ನು ಮೂರನೇ ಮಹಡಿಯಿಂದ ಬಾಣಂತೀನ ಇಳಿಸಿದ ಹಾಗೆ ಇಳಿಸಿದರು. ಕೆಳಗೆ ಬಂದ ಮೇಲೆ ಅವರಲ್ಲೊಬ್ಬ ತನ್ನ ಹೆಗಲ ಮೇಲಿನ ಟವೆಲಿನಿಂದ ಗಾಜು ಒರೆಸಿದ. ನನಗೆ ಅಳು ಬಂತು.'

ಐದು ಸ್ಟಾರು. ಓದಿ ಸ್ಟಾರ್ ಸಾಹೇಬ ಬೂಟು ತಟ್ಟುವುದನ್ನೇ ನಿಲ್ಲಿಸಿದ. ಉಳಿದ ಮೂವರು ತಮ್ಮ ತಮ್ಮ ಮನೆಯ ಬೀರುಗಳನ್ನು ನೆನೆಸಿಕೊಂಡರು. ವಾರದಲ್ಲಿ ಆರುನೂರು ಜನ ಅದನ್ನು ಮೆಚ್ಚಿದರು. ಲಾರಿ ಧಣಿ ಮಿಠಾಯಿ ಡಬ್ಬಿ ಹಿಡಿದು ಬಂದು, "ಟವೆಲ್ ಇಟ್ಟುಕೊಂಡಿರೋನು ಯಾರು ಅಂತ ನಮ್ಮ ಹುಡುಗರನ್ನೇ ಕೇಳ್ತಾ ಇದೀನಮ್ಮಾ" ಅಂತ ನಗಾಡಿದ. ಆಪರೇಟರಮ್ಮನೂ ನಕ್ಕಳು.

ಬೀರು ಸುಳ್ಳು, ಮಹಡಿ ಸುಳ್ಳು, ಟವೆಲು ಸುಳ್ಳು. 'ಬಾಣಂತೀನ ಇಳಿಸಿದ ಹಾಗೆ' ಅನ್ನುವುದೊಂದು ಮಾತ್ರ ಅವಳ ತಾಯಿಯ ಮಾತು. ಬಾಡಿಗೆ ಮನೆಗಳನ್ನು ಬದಲಿಸಿ ಬದಲಿಸಿ ಸಾಕಾದ ಆ ತಾಯಿ ಪ್ರತಿ ಸಲವೂ ಕೂಲಿಯವರಿಗೆ, 'ಬಾಣಂತೀನ ಇಳಿಸೋ ಹಾಗೆ ಇಳಿಸ್ರಪ್ಪಾ' ಅಂತ ಕೈ ಮುಗಿಯುತ್ತಿದ್ದಳು. ಬರೆಯುವಾಗ ಅದು ತಾನೇ ತಾನಾಗಿ ಬಂದುಬಿಟ್ಟಿತ್ತು.

ಈಗ ಅಕ್ಕನ ವಿಷಯಕ್ಕೆ ಬರೋಣ. ಆಪರೇಟರಮ್ಮನಿಗೆ ಒಬ್ಬಳೇ ಅಕ್ಕ, ಒಂಬತ್ತು ವರ್ಷ ದೊಡ್ಡವಳು. ತಾಯಿ ತೀರಿಕೊಂಡಾಗ ತಂಗಿಗೆ ಹದಿನಾಲ್ಕು. ಅಲ್ಲಿಂದ ಮುಂದೆ ಅಕ್ಕನೇ ಅಮ್ಮ. ಸ್ವೆಟರ್ ಹೆಣೆದು ಹೆಣೆದು ತಂಗಿಯನ್ನು ಓದಿಸಿದಳು, ಟೆಲಿಫೋನ್ ಕೆಲಸದ ತರಬೇತಿಗೆ ಕಳಿಸಿದಳು. ಹೆಣೆದದ್ದು ಮೊದಲು ಕೈಕಡ್ಡಿಯಲ್ಲಿ, ಆಮೇಲೆ ಮೆಷಿನ್‌ನಲ್ಲಿ. ಆ ಸ್ವೆಟರ್ ಮೆಷಿನ್ ಅಂದರೆ ಒಂದು ಮಾರುದ್ದದ ಉಕ್ಕಿನ ಹಾಸು, ಅದರಲ್ಲಿ ಬಾಚಣಿಗೆಯ ಹಲ್ಲಿನಂತೆ ಇನ್ನೂರು ಸೂಜಿ. ಮೇಲಿನ ಹಿಡಿಯನ್ನು ಅತ್ತಿಂದಿತ್ತ ಎಳೆದರೆ ಒಂದೊಂದು ಎಳೆತಕ್ಕೆ ಒಂದೊಂದು ಸಾಲು. ಭಾವ ಹೋದ ಮೇಲೆ ಅಕ್ಕನಿಗೆ ಗಂಡನೂ ಅದೇ, ಮಗನೂ ಅದೇ. ಶಾಲೆಗಳು ತೆರೆಯುವ ಮುಂಚೆ ಮುನ್ನೂರು ನೀಲಿ ಸ್ವೆಟರ್ ಹಾಕಿಕೊಡುವುದು ಅವಳ ವರ್ಷದ ಅನ್ನ.

ಅಕ್ಕ ಇದ್ದದ್ದು ಬೇರೆ ಊರಲ್ಲಿ, ಒಂದು ಹಗಲು ಪೂರಾ ಪ್ರಯಾಣ. ಮನೆ ಮಾರುತ್ತೇನೆ, ಖಾಲಿ ಮಾಡಿ ಅಂತ ಮನೆಯೊಡೆಯ ಹೇಳಿದಾಗ ತಂಗಿ ಬಿಡಲಿಲ್ಲ. ತನ್ನ ಬೀದಿಯಿಂದ ಎರಡೇ ಬೀದಿ ಆಚೆ ಒಂದು ಮನೆ ನೋಡಿದಳು. ಮುಂದಿನ ಕೋಣೆಗೆ ದೊಡ್ಡ ಕಿಟಕಿ, ಮೆಷಿನ್ ಇಡಲು ಗೋಡೆಗುಂಟ ಜಾಗ. ಮೂವತ್ತು ವರ್ಷದ ಮೇಲೆ ಅಕ್ಕತಂಗಿ ಒಂದೇ ಊರಲ್ಲಿ! ಆಪರೇಟರಮ್ಮ ಆ ತಿಂಗಳೆಲ್ಲ ನೆಲದ ಮೇಲೆ ನಡೆಯಲೇ ಇಲ್ಲ.

ಒಂದು ಬೆಳಗ್ಗೆ ಅಕ್ಕನ ಫೋನು ಬಂತು.

"ಲಾರಿ ಗೊತ್ತು ಮಾಡಿಬಿಟ್ಟೆ ಕಣೇ ಪುಟ್ಟಿ. ಮುಂಗಡಾನೂ ಕೊಟ್ಟೆ."

"ಯಾರದು ಅಕ್ಕಾ?"

ಅಕ್ಕ ಕಂಪನಿಯ ಹೆಸರು ಹೇಳಿದಳು. ಆಪರೇಟರಮ್ಮ ಕೈಯಲ್ಲಿದ್ದ ಚಹಾ ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು.

"ಅವರು ನಿನಗೆ ಹೇಗೆ ಸಿಕ್ಕಿದ್ರು?"

"ಫೋನಲ್ಲಿ ನೋಡಿದೆ. ಕಣ್ಣು ಮುಚ್ಚಿಕೊಂಡು ಕೊಡೋಳಲ್ಲಮ್ಮ ನಾನು. ಕೂತು ಒಂದೊಂದೇ ಓದಿದೆ. ಅರ್ಧಕ್ಕರ್ಧ ಬೂಸಿ ಅಂತ ಮುಖ ನೋಡಿದರೇ ಗೊತ್ತಾಗುತ್ತೆ. ಸೂಪರಂತೆ, ಚಿಂದಿಯಂತೆ! ಆದರೆ ಒಬ್ಬಳು ಹೆಂಗಸು ಬರೆದಿದಾಳೆ ನೋಡು, ಪಾಪ, ನನ್ನ ಹಾಗೇ ಒಂಟಿ. ಅವರಮ್ಮನ ಬೀರೂನ ಬಾಣಂತೀನ ಇಳಿಸಿದ ಹಾಗೆ ಇಳಿಸಿದ್ರಂತೆ. ಅದನ್ನ ಓದಿ ನನಗೆ ಮೈ ಜುಮ್ ಅಂತು ಕಣೇ. ನಮ್ಮಮ್ಮನ ಬಾಯಿಂದಾನೇ ಬಿದ್ದ ಹಾಗಿದೆ! ಅಂಥ ಮಾತಾಡೋಳು ಸುಳ್ಳು ಹೇಳ್ತಾಳಾ?"

"ಅಕ್ಕಾ, ಇನ್ನೂ ಒಬ್ಬಿಬ್ಬರನ್ನ ವಿಚಾರಿಸಬಾರದಾ? ಮೆಷಿನ್ ಬೇರೆ ಇದೆ."

"ಯಾಕೆ? ನಿನಗೆ ಅವರು ಗೊತ್ತಾ?"

ಗೊತ್ತು ಅಂದರೆ ಹೇಗೆ ಗೊತ್ತು ಅನ್ನುತ್ತಾಳೆ. ಹೇಗೆ ಗೊತ್ತು ಅಂತ ಹೇಳಿದರೆ ಆ ಹೆಂಗಸು ಯಾರು ಅಂತ ಹೇಳಬೇಕಾಗುತ್ತದೆ. 'ನನ್ನ ತಂಗಿ ಜನರ ಕಷ್ಟಕ್ಕೆ ಉತ್ತರ ಕೊಡೋ ಕೆಲಸ ಮಾಡ್ತಾಳೆ' ಅಂತ ಬೀದಿಗೆಲ್ಲ ಹೇಳಿಕೊಂಡು ತಿರುಗುವ ಅಕ್ಕ. ಅವಳ ಮುಂದೆ ಆ ಟ್ರೇ, ಆ ಚೀಟಿಗಳನ್ನು ಹೇಗೆ ಹರವುವುದು? ನಾಚಿಕೆಯಾಯಿತು.

"ಇಲ್ಲ ಅಕ್ಕಾ. ಸುಮ್ಮನೆ ಹೇಳ್ದೆ."

ಅಷ್ಟು ಹೇಳಿ ಫೋನಿಟ್ಟವಳು ಮುಳ್ಳಿನ ಮೇಲೆ ಕೂತ ಹಾಗೆ ಕೂತಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ಆಮೇಲೆ ಲಾರಿ ಧಣಿಗೆ ಫೋನು ಮಾಡಿದಳು. ಆ ದಿನದ ಸಾಮಾನು ನಮ್ಮಕ್ಕನದು, ಒಂದು ಮೆಷಿನ್ ಇದೆ, ಅದನ್ನು ಮಾತ್ರ ಎಲ್ಲದರ ಮೇಲೆ ಇಡಿಸಿ ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ ಅಂದಳು. "ನಿಮ್ಮಕ್ಕ ಅಂದ್ರೆ ನಮ್ಮಕ್ಕ ಅಮ್ಮಾ, ಚಿಂತೆ ಬಿಡಿ" ಅಂದ ಧಣಿ. ಆ ಮಾತಿಗೆ ಜೋತುಬಿದ್ದು ಅವಳು ಹನ್ನೊಂದು ದಿನ ಕಳೆದಳು.

ಧಣಿ ಹೇಳಿದ್ದು ನಿಜವೇ. ಹತ್ತಿಸುವಾಗ ಮೆಷಿನ್ ಎಲ್ಲದರ ಮೇಲೇ ಇತ್ತು, ಅಕ್ಕನೇ ನಿಂತು ನೋಡಿದ್ದಳು. ಆದರೆ ಅರ್ಧ ದಾರಿಯಲ್ಲಿ ಅವರು ಲಾರಿ ಬದಲಿಸಿದರು. ಇನ್ನೊಂದು ಮನೆಯ ಸಾಮಾನೂ ಇದೇ ಊರಿಗೆ ಬರುವುದಿತ್ತು, ಎರಡೂ ಮನೆಯದನ್ನು ಒಂದರಲ್ಲೇ ತುಂಬಿದರೆ ಒಂದು ಲಾರಿ ಉಳಿಯಿತಲ್ಲ! ಹಾಗೆ ಬದಲಿಸುವಾಗ ಮೊದಲು ಇಳಿದದ್ದು ಮೊದಲು ಹತ್ತಿತು. ಮೆಷಿನ್ ತಳಕ್ಕೆ ಹೋಯಿತು, ಅದರ ಮೇಲೆ ಯಾರದೋ ಮನೆಯ ಕಬ್ಬಿಣದ ಮಂಚ, ಮಂಚದ ಮೇಲೆ ಎರಡು ಟ್ರಂಕು.

ಮಧ್ಯಾಹ್ನ ಮೂರಕ್ಕೆ ಹೊಸ ಮನೆಯ ಮುಂದೆ ಲಾರಿ ನಿಂತಿತು. ಕಂಬಳಿ ಬಿಚ್ಚಿದಾಗ ಉಕ್ಕಿನ ಹಾಸು ನಡುವೆ ತಗ್ಗಿತ್ತು. ಸೂಜಿಗಳು ಅರ್ಧ ಮುರಿದು, ಅರ್ಧ ಬಾಗಿ, ಕಂಬಳಿಗೆ ಚುಚ್ಚಿಕೊಂಡಿದ್ದವು. ಅಕ್ಕ ಕೂಗಾಡಲಿಲ್ಲ. ಬಗ್ಗಿ ಕಂಬಳಿಯಿಂದ ಒಂದೊಂದೇ ಸೂಜಿ ಕಿತ್ತು ಅಂಗೈಯಲ್ಲಿ ಇಟ್ಟುಕೊಂಡಳು. ಆಪರೇಟರಮ್ಮ ಪಕ್ಕದಲ್ಲಿ ನಿಂತು ನೋಡಿದಳು.

ಮಾರನೇ ದಿನ ರಿಪೇರಿಯವನು ಬಂದು ಸ್ಕೇಲ್ ಇಟ್ಟು ನೋಡಿ ತಲೆ ಆಡಿಸಿದ. "ಅಮ್ಮಾ, ಇದು ನೆಟ್ಟಗಾಗೋಲ್ಲ. ಈ ಮಾಡೆಲ್ ಬರೋದು ನಿಂತೇ ಎಷ್ಟೋ ವರ್ಷ ಆಯ್ತು." ಶಾಲೆಯವರು ಎರಡು ದಿನ ಕಾದು ಫ್ಯಾಕ್ಟರಿಯೊಂದಕ್ಕೆ ಆರ್ಡರ್ ಕೊಟ್ಟರು. ಮುಂದಿನ ಕೋಣೆಯಲ್ಲಿ ಕಿಟಕಿಯವರೆಗೆ ನೀಲಿ ಉಲ್ಲನ್ ಕಟ್ಟುಗಳು ಉಳಿದವು. ಅಕ್ಕ ಹಳೇ ಕೈಕಡ್ಡಿ ಹುಡುಕಿ ತೆಗೆದು ಹೆಣೆಯತೊಡಗಿದಳು.

"ಇದರಲ್ಲಿ ಮುನ್ನೂರು ಮುಗಿಸೋ ಹೊತ್ತಿಗೆ ಆ ಮಕ್ಕಳು ಮೊಮ್ಮಕ್ಕಳನ್ನ ಎತ್ತಿರ್ತಾರೆ," ಅಂತ ತಾನೇ ನಕ್ಕಳು. "ಏನು ಮಾಡಲಿ, ಕೈ ಸುಮ್ಮನಿರಲ್ಲ."

ಆಪರೇಟರಮ್ಮ ಲಾರಿ ಧಣಿಯನ್ನು ಬಾಯಿಗೆ ಬಂದಂತೆ ಬೈದಳು. ಅಕ್ಕ ತಡೆದಳು.

"ಅವನ ಮೇಲೆ ನನಗೆ ಅಂಥ ಕೋಪ ಇಲ್ಲ ಕಣೇ. ಅವನು ಲಾರಿಯವನು, ಲಾರಿಯವನ ಹಾಗೆ ಮಾಡಿದ. ಆ ಹೆಂಗಸಿದಾಳಲ್ಲ, ಬೀರು ಹೆಂಗಸು, ಅವಳದೇ ನನಗೆ ತಲೇಲಿ ಕೊರೀತಿರೋದು. ಅವಳಿಗೆ ನಿಜವಾಗಿ ಹಾಗೆ ಆಗಿತ್ತಾ? ಆಗಿದ್ದರೆ ನನಗೆ ಮಾತ್ರ ಯಾಕೆ ಹೀಗಾಯ್ತು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆಪರೇಟರಮ್ಮ ಎದ್ದು ಅಡಿಗೆಮನೆಗೆ ಹೋಗಿ ತೊಳೆದ ಲೋಟಗಳನ್ನೇ ಮತ್ತೆ ತೊಳೆದಳು.

ಸೋಮವಾರ ಬೆಳಗ್ಗೆ ಹತ್ತೂಕಾಲಿಗೆ ಆಫೀಸಿನ ಕಂಪ್ಯೂಟರು ಟಿಣ್ ಅಂದಿತು. ಲಾರಿ ಕಂಪನಿಯ ಪೇಜಿನಲ್ಲಿ ಹನ್ನೊಂದನೇ ನಂಬರಿನ ಹೊಗಳಿಕೆಯ ಕೆಳಗೆ ಯಾರೋ ಬರೆದಿದ್ದರು:

'ಅಮ್ಮಾ, ನೀವು ಯಾರೋ, ನಾನು ಯಾರೋ. ನಿಮ್ಮ ಮಾತು ಓದಿ ಈ ಲಾರಿಗೆ ನನ್ನ ಸಾಮಾನು ಕೊಟ್ಟೆ. ಇಪ್ಪತ್ತಾರು ವರ್ಷ ನನಗೆ ಅನ್ನ ಹಾಕಿದ ಮೆಷಿನ್ ಮುರಿದು ಬಂತು. ನಿಮ್ಮನ್ನು ಬೈಯಲು ಬರೆಯುತ್ತಿಲ್ಲ. ಒಂದೇ ಮಾತು ಹೇಳಿ. ನಿಮ್ಮ ಬೀರು ನಿಜವಾಗಿ ಚೆನ್ನಾಗಿ ಬಂದಿತ್ತಾ? ಬಂದಿದ್ದರೆ ಇದು ನನ್ನ ಹಣೆಬರಹ ಅಂತ ಸುಮ್ಮನಾಗುತ್ತೇನೆ.'

ಸ್ಟಾರ್ ಸಾಹೇಬ ಹಿಂದೆ ಬಂದು ನಿಂತು ಓದಿದ. ಅದು ಯಾರ ಅಕ್ಕ ಅಂತ ಅವನಿಗೇನು ಗೊತ್ತು? "ಇದು ಹಾಗೇ ಇದ್ರೆ ಕಷ್ಟ. ಹನ್ನೊಂದರಿಂದಲೇ ಒಂದು ರಿಪ್ಲೈ ಹಾಕಿ ಆಪರೇಟರಮ್ಮ. ಬೀರು ಚೆನ್ನಾಗಿ ಬಂತು, ನಿಮ್ಮ ಪ್ಯಾಕಿಂಗ್‌ನಲ್ಲಿ ಹೆಚ್ಚುಕಮ್ಮಿ ಆಗಿರಬಹುದು ಅಂತ. ಮೆತ್ತಗೆ, ನಿಮ್ಮ ಸ್ಟೈಲಲ್ಲಿ. ಹಣೆಬರಹ ಅಂದ್ಕೋತೀನಿ ಅಂತ ಆಯಮ್ಮನೇ ಹೇಳಿದಾರೆ, ಅರ್ಧ ಕೆಲಸ ಮುಗಿದ ಹಾಗೇ." ಹೇಳಿ ತನ್ನ ಮೇಜಿಗೆ ಹೋದ.

ಆಪರೇಟರಮ್ಮ ಟ್ರೇಯಿಂದ ಫೋನು ತೆಗೆದುಕೊಂಡಳು. 'ಬಂತು' ಅಂತ ಎರಡಕ್ಷರ ಒತ್ತಿದರೆ ಮುಗಿಯಿತು. ಕೆಲಸ ಉಳಿಯುತ್ತದೆ, ಅಕ್ಕ ಸುಮ್ಮನಾಗುತ್ತಾಳೆ, ನಾಳೆಯೂ ಸಂಜೆ ಆರಕ್ಕೆ ಎರಡು ಬೀದಿ ದಾಟಿ ಹೋಗಿ ಅಕ್ಕನ ಪಕ್ಕ ಕೂತು ಚಹಾ ಕುಡಿಯಬಹುದು. ಯಾರಿಗೂ ಏನೂ ಗೊತ್ತಾಗುವುದಿಲ್ಲ. ಅವಳು ಒತ್ತಿಯೂ ಒತ್ತಿದಳು, 'ಬಂತಮ್ಮಾ, ಚೆನ್ನಾಗಿಯೇ ಬಂತು' ಅಂತ. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟಳು. ಆಗ ಅವಳಿಗೆ ಸೂಜಿ ಕೀಳುತ್ತಿದ್ದ ಅಕ್ಕನ ಬೆನ್ನು ಕಣ್ಣಿಗೆ ಬಂತು. ಯಾರೋ ಹೆಂಗಸಿನ ಬೀರು ನೆಟ್ಟಗೆ ಬಂತು, ನನ್ನ ಮೆಷಿನ್ ಮಾತ್ರ ಮುರಿಯಿತು, ನಾನೇನು ಪಾಪ ಮಾಡಿದ್ದೆ ಅಂತ ಆ ಜೀವ ಸಾಯುವವರೆಗೂ ಕೊರಗಬೇಕು. ತನ್ನ ಕೆಲಸ ಉಳಿಯಲಿ ಅಂತ ಕೊರಗಬೇಕು! ಛೀ, ಅಂದುಕೊಂಡಳು. ತನ್ನ ಮೇಲೇ ಅವಳಿಗೆ ಹೇಸಿಗೆ ಬಂತು.

ಅಳಿಸಿ ಹೊಸದಾಗಿ ಬರೆದಳು. 'ಇಲ್ಲ. ಬೀರು ಬರಲಿ ಬಿಡಲಿ, ಬೀರುವೇ ಇರಲಿಲ್ಲ. ಈ ಹೆಂಗಸೂ ಇಲ್ಲ. ಸಂಬಳಕ್ಕೆ ಕೂತು ಬರೆದ ಸುಳ್ಳು ಇದು. ನಿನ್ನ ಹಣೆಬರಹ ಏನೂ ಮಾಡಿಲ್ಲ. ಬರೆದವಳು ನಾನು ಅಕ್ಕಾ, ಪುಟ್ಟಿ.' ಕಳಿಸಿದಳು.

ಸ್ಟಾರ್ ಸಾಹೇಬ ಕುರ್ಚಿ ಬೀಳಿಸಿಕೊಂಡು ಎದ್ದ. "ಏನಮ್ಮಾ ಮಾಡಿದ್ರಿ?"

"ರಿಪ್ಲೈ ಮಾಡಿದೆ ಸಾರ್. ಹತ್ತು ನಿಮಿಷದೊಳಗೆ."

ಅವನು ಓಡಿಬಂದು ಅದನ್ನು ಅಳಿಸಿದ, ಹೊಗಳಿಕೆಯನ್ನೂ ಅಳಿಸಿದ, ಆಮೇಲೆ ತಲೆ ಹಿಡಿದುಕೊಂಡು ಅವಳ ಎದುರೇ ಕೂತ. "ನನ್ನನ್ನ ಒಂದು ಮಾತು ಕೇಳಬಾರದಿತ್ತಾ? ಅವರು ನಿಮ್ಮಕ್ಕ ಅಂತ ಹೇಳಿದ್ರೆ ನಾನೇ ಧಣಿ ಕುತ್ತಿಗೆ ಹಿಡಿದು ಏನಾದ್ರೂ ಮಾಡಿಸ್ತಿದ್ದೆ."

"ಅಕ್ಕ ಅಲ್ಲದಿದ್ದರೆ ಸಾರ್?"

ಅವನು ಹನ್ನೊಂದನೇ ನಂಬರನ್ನು ಎತ್ತಿ ಟ್ರೇಗೆ ವಾಪಸ್ ಇಟ್ಟ. ಬೂಟು ತಟ್ಟಲಿಲ್ಲ. ಅವಳು ಚೀಲಕ್ಕೆ ಊಟದ ಡಬ್ಬಿ ಹಾಕಿಕೊಂಡು ಮೆಟ್ಟಿಲಿಳಿದಳು. ನಾಳೆ ಬರಬೇಡಿ ಅಂತ ಅವನೂ ಹೇಳಲಿಲ್ಲ, ಬರುತ್ತೇನೆ ಅಂತ ಇವಳೂ ಹೇಳಲಿಲ್ಲ.

ಆಫೀಸಿನಿಂದ ಅಕ್ಕನ ಮನೆಗೆ ನಡೆಯುವುದಕ್ಕೆ ಹದಿನೈದು ನಿಮಿಷ. ಅವತ್ತು ಅವಳಿಗೆ ಮುಕ್ಕಾಲು ಗಂಟೆ ಹಿಡಿಯಿತು. ಬಾಗಿಲು ತೆರೆದೇ ಇತ್ತು. ಅಕ್ಕ ಕಿಟಕಿಯ ಪಕ್ಕದ ಬೆಂಚಿನ ಮೇಲೆ ಕೂತು ಹೆಣೆಯುತ್ತಿದ್ದಳು. ಫೋನು ಉಲ್ಲನ್ ಕಟ್ಟಿನ ಮೇಲೆ ಕವುಚಿ ಬಿದ್ದಿತ್ತು. ಸಾಹೇಬ ಅಳಿಸುವ ಮುಂಚೆಯೇ ಓದಿದ್ದಾಳೆ ಅಂತ ಹೇಳಬೇಕಾಗಿರಲಿಲ್ಲ.

ತಂಗಿ ಹೊಸ್ತಿಲಲ್ಲೇ ನಿಂತು ಎಲ್ಲ ಹೇಳಿದಳು. ಗುರುವಾರ, ಟ್ರೇ, ಚೀಟಿ ಅಂಟಿಸಿದ ಇಪ್ಪತ್ನಾಲ್ಕು ಫೋನು, ಯಾವ ನಂಬರು ಹೇಗೆ ಮಾತಾಡುತ್ತದೆ ಅನ್ನುವುದೂ. ಅಕ್ಕ ತಲೆ ಎತ್ತಲಿಲ್ಲ, ಕಡ್ಡಿಗಳು ಟಿಕ್ ಟಿಕ್ ಅನ್ನುತ್ತಲೇ ಇದ್ದವು.

"ಅಮ್ಮನ ಮಾತನ್ನೂ ಮಾರಿದೆಯಲ್ಲೇ," ಅಂದಳು ಕೊನೆಗೆ.

"ಹೂಂ."

"ಹೋಗಲಿ. ಹೊಟ್ಟೆಪಾಡು. ಬರೆಯೋವಾಗ ನಾನು ಓದ್ತೀನಿ ಅಂತ ನಿನಗೇನು ಕನಸು ಬಿದ್ದಿತ್ತಾ? ಅದನ್ನ ನುಂಗ್ಕೋತೀನಿ." ಅಕ್ಕನ ಕೈ ನಿಂತಿತು. ಮೊದಲ ಸಲ ತಂಗಿಯ ಮುಖ ನೋಡಿದಳು. "ಆದರೆ ಅವತ್ತು ನಾನು ಬಾಯಿಬಿಟ್ಟು ಕೇಳಿದೆ ಪುಟ್ಟಿ. ನಿನಗೆ ಅವರು ಗೊತ್ತಾ ಅಂತ. ಇಲ್ಲ ಅಂದೆ. ಅದನ್ನ ಯಾವ ನಂಬರಿನ ಫೋನಿಂದ ಹೇಳಿದೆ?"

ಇಪ್ಪತ್ನಾಲ್ಕು ಗಂಟಲಲ್ಲಿ ಮಾತಾಡಬಲ್ಲ ಆಪರೇಟರಮ್ಮನಿಗೆ ತನ್ನ ಗಂಟಲು ತೆರೆಯಲು ಬಹಳ ಹೊತ್ತು ಬೇಕಾಯಿತು.

"ನನ್ನದರಿಂದಲೇ ಅಕ್ಕಾ. ಅದು ನಾನೇ ಹೇಳಿದ್ದು."

"ಅದಕ್ಕೇ ನೋಡು," ಅಂದಳು ಅಕ್ಕ, ಅವಳ ದನಿ ಒಡೆಯಿತು. "ಮೆಷಿನ್ ಮುರಿದಾಗ ನನಗೆ ಅಳು ಬರಲಿಲ್ಲ ಕಣೇ. ಇವತ್ತು ಅದನ್ನ ಓದಿದಾಗಿಂದ ಅಳ್ತಾ ಇದೀನಿ."

ತಂಗಿ ಹೊಸ್ತಿಲು ದಾಟಲಿಲ್ಲ, ತಿರುಗಿ ಹೋಗಲೂ ಇಲ್ಲ. ನಿಂತಲ್ಲೇ ಬಿಕ್ಕಿ ಬಿಕ್ಕಿ ಅತ್ತಳು. ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೆ ಕಡ್ಡಿ ಹಿಡಿದಳು. ಎರಡು ಸಾಲು ಹೆಣೆದಳು. ಆಮೇಲೆ ಬೆಂಚಿನ ಮೇಲಿದ್ದ ಉಲ್ಲನ್ ಕಟ್ಟನ್ನು ಎತ್ತಿ ಕೆಳಗಿಟ್ಟಳು. ಕೂತ್ಕೋ ಅನ್ನಲಿಲ್ಲ. ತಂಗಿ ಬಂದು ಕೂತಳು.